ಸುಧಾ ಮಿಸ್ಸಿನ ಒಂದು ಗಂಟೆಯ ಟೀವಿ

ಅಂತರಸಂತೆ ಕಡೆಯ ಆ ಶಾಲೆಗೆ ಮೊದಲ ಸಲ ಹೋದಾಗ ಯತೀಶ ಶೂ ಬಿಚ್ಚಿ, ಎರಡು ಸ್ಲೇಟಿಗೆ ಕೈಮುಗಿದು ನಿಂತುಬಿಟ್ಟಿದ್ದ. ಎರಡು, ಮೂರನೇ ತರಗತಿಗಳು ಒಟ್ಟಿಗೆ ಕೂರುವ ಚಾಪೆ ಮೇಲೆ ಎರಡು ಜಾಗ ಖಾಲಿ. ಎರಡರಲ್ಲೂ ಒಂದೊಂದು ಸ್ಲೇಟು, ಸ್ಲೇಟಿನ ಮೇಲೆ ಒಂದೊಂದು ಚೆಂಡುಹೂವು. ಪಾಪ, ಎಂಥ ಕೂಸುಗಳೋ ಎಂದು ಅವನ ಕಣ್ಣೂ ಒದ್ದೆಯಾಗಿತ್ತು.

"ಸತ್ತೋಗಿಲ್ಲ ಕಣಣ್ಣೋ!" ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕವು. "ಪದ್ಮಶ್ರೀನೂ ಅವ್ಳ ತಮ್ಮ ಶಶೀನೂ ಕೊಡಗಿಗೆ ಓಗವ್ರೆ. ಅವ್ರವ್ವ ಕಾಪಿ ಕುಯ್ಯಾಕೋದ್ಲು, ಇವ್ರೂ ಜೊತೆಗೋದ್ರು!"

ಯತೀಶನ ಕುತ್ತಿಗೆಯ ಕಾರ್ಡಿನಲ್ಲಿ ‘ಸ್ಮಾರ್ಟ್ ಕ್ಲಾಸ್ ತಂತ್ರಜ್ಞ’ ಎಂದಿತ್ತು. ಸ್ಮಾರ್ಟು ಕಾರ್ಡಿನಿಂದ ಕೆಳಗೆ ಇಳಿದಿರಲಿಲ್ಲ.

ಅವನು ಬಂದದ್ದು ಗೋಡೆಯ ದೊಡ್ಡ ಟೀವಿ ನೋಡಲು. ಅದರೊಳಗೆ ಅವನ ಕಂಪನಿ ನಾನೂರು ಪಾಠ ತುಂಬಿಸಿತ್ತು. ಪಾಠ ಓಡಿದ ಹೊತ್ತು ಅವನ ಮೊಬೈಲಿನಲ್ಲಿ ಕಾಣುತ್ತಿತ್ತು. ಈ ಶಾಲೆಯದು ಬರೀ ಮೂರು ಗಂಟೆ. ಟೀಚರಿಗೆ ಸ್ವಿಚ್ ಮುಟ್ಟಲು ಭಯವಿರಬೇಕೆಂದು ಅವನು ದಾರಿಯುದ್ದಕ್ಕೂ ಒಂದು ಧೈರ್ಯದ ಭಾಷಣ ತಯಾರಿಸಿಕೊಂಡು ಬಂದಿದ್ದ.

ಸುಧಾ ಮಿಸ್ ಟೀವಿ ಹಾಕುತ್ತಿದ್ದರು, ದಿನಾ ಮಧ್ಯಾಹ್ನ ಒಂದು ಗಂಟೆಗೆ. ಆ ಹೊತ್ತಿಗೆ ಕಾಫಿ ತೋಟದಲ್ಲಿ ಊಟದ ಬಿಡುವು. ಪದ್ಮಶ್ರೀಯ ತಾಯಿ ನೀರಿನ ಟ್ಯಾಂಕಿನ ದಿಬ್ಬ ಹತ್ತಿ ವಿಡಿಯೋ ಕಾಲ್ ಮಾಡುವಳು, ಮಿಸ್ ತಮ್ಮ ಮೊಬೈಲನ್ನು ಟೀವಿಗೆ ಜೋಡಿಸುವರು. ಗೋಡೆ ತುಂಬ ಪದ್ಮಶ್ರೀಯ ಮುಖ, ಪಕ್ಕದಲ್ಲಿ ಶಶಿಯ ಅರ್ಧ ಮೂಗು. ಇಬ್ಬರೂ ಪುಸ್ತಕದ ಐದೈದು ಸಾಲು ಓದಬೇಕು. ತಪ್ಪಿದರೆ ಇಲ್ಲಿಂದ ಹದಿನಾಲ್ಕು ಬಾಯಿ ಒಟ್ಟಿಗೆ ತಿದ್ದುತ್ತಿದ್ದವು. ಒಂದೂಕಾಲಿಗೆ ಅಲ್ಲಿ ಮೇಸ್ತ್ರಿ ಸೀಟಿ ಊದಿದರೆ ಗೋಡೆ ಮತ್ತೆ ಕಪ್ಪು. ಯತೀಶನ ಮೊಬೈಲಿನ ಲೆಕ್ಕದಲ್ಲಿ ಇದು ಪಾಠವೇ ಅಲ್ಲ.

ಕರಿಹಲಗೆಯ ಮೂಲೆಯಲ್ಲಿ ಜೂನ್‌ನಿಂದ ಅಳಿಸದ ಸಾಲೊಂದಿತ್ತು: ‘ಯುಗಾದಿಯೊಳಗೆ ಎಲ್ಲರೂ ಒಂದು ಪುಟ ತಾವೇ ಓದಬೇಕು.’

"ಎಲ್ಲರೂ ಅಂದ್ರೆ ಹದಿನಾರು ಕಣ್ರೀ ಯತೀಶ್, ಹದಿನಾಲ್ಕಲ್ಲ," ಎಂದಿದ್ದರು ಮಿಸ್.

ಅವರು ಪಿರಿಯಾಪಟ್ಟಣದ ಕಡೆಯವರು. ಎರಡನೇ ಕ್ಲಾಸಿನಲ್ಲಿದ್ದಾಗ, ರಾಗಿ ಒಕ್ಕಣೆ ಮುಗಿಸಿ ತಾಯಿ ಕುಳ್ಳಮ್ಮ ಮಗಳನ್ನೂ ಕಟ್ಟಿಕೊಂಡು ಕೊಡಗಿಗೆ ಹೋಗಿದ್ದರು. ಮೂರು ತಿಂಗಳ ಮೇಲೆ ಬಂದು ನೋಡಿದರೆ ಇವರ ಜಾಗದಲ್ಲಿ ಬೇರೆ ಹುಡುಗಿ. ಪಾಠ ಇಪ್ಪತ್ತು ಪುಟ ಮುಂದೆ. ಇವರು ಇಷ್ಟು ದಿನ ಎಲ್ಲಿದ್ದರೆಂದು ಯಾರೂ ಕೇಳಲಿಲ್ಲ. "ಆ ವರ್ಷವೆಲ್ಲ ಬಾಗಿಲ ಹತ್ರ ಕೂತಿದ್ದೆ. ಈಗ್ಲೂ ಮದುವೆ ಮನೇಲಿ ಬಾಗಿಲ ಹತ್ರಾನೇ ಕೂರೋದು," ಎಂದು ನಕ್ಕಿದ್ದರು. ಯತೀಶನಿಗೆ ನಗು ಬಂದಿರಲಿಲ್ಲ. ತಯಾರಿಸಿಕೊಂಡು ಬಂದಿದ್ದ ಭಾಷಣವೂ ಮರೆತುಹೋಗಿತ್ತು.

ಜನವರಿಯಲ್ಲಿ ಅವನು ಮತ್ತೆ ಬಂದ. ಈ ಸಲ ಬ್ಯಾಗಿನಲ್ಲಿ ಸ್ಕ್ರೂಡ್ರೈವರ್ ಇತ್ತು. ಪಾಠದ ಹೊತ್ತು ನಲವತ್ತು ಗಂಟೆ ದಾಟದ ಶಾಲೆಯ ಟೀವಿ ಬಿಚ್ಚಿ ಬೇರೆ ಶಾಲೆಗೆ ಕೊಡಬೇಕೆಂದು ಆಫೀಸಿನ ಅಪ್ಪಣೆ. ಸ್ಲೇಟುಗಳ ಮೇಲೆ ಅವತ್ತಿನ ಹೊಸ ಹೂವಿತ್ತು.

"ಮೇಡಂ, ಒಂದು ಉಪಾಯ ಐತೆ," ಎಂದ ಮೆಲ್ಲಗೆ. "ಸಂಜೆ ಪಾಠ ಹಾಕ್ಬುಟ್ಟು ಬಾಗಿಲು ಎಳ್ಕೊಂಡು ಹೋಗಿ. ಗಂಟೆ ತಾನಾಗೇ ಏರುತ್ತೆ."

"ಯಾರಿಗ್ರೀ ಪಾಠ, ಹಲ್ಲಿಗಾ?"

"ಹಗಲೇ ಹಾಕಿ ಮತ್ತೆ."

"ಹಾಕಿದ್ನಲ್ಲ, ಮೂರು ಗಂಟೆ. ಬಾಯಿ ಬಿಟ್ಕೊಂಡು ನೋಡಿದ್ವು. ಮುಗಿದ್ಮೇಲೆ ಓದ್ರಪ್ಪ ಅಂದ್ರೆ ಒಂದೂ ಬಾಯಿ ಬಿಡ್ಲಿಲ್ಲ."

ಗಡಿಯಾರದಲ್ಲಿ ಹನ್ನೆರಡು ಐವತ್ತು. ಮಿಸ್ ವೈರು ಜೋಡಿಸಿ, ಮೊಬೈಲನ್ನು ಮೇಜಿನ ಮೇಲಿಟ್ಟು, ಅದರ ಮುಂದೆಯೇ ಕೂತರು. ಸಿಗ್ನಲ್ ಸಿಗದೆಯೋ ಏನೋ, ಎರಡು ದಿನದಿಂದ ಕಾಲ್ ಬಂದಿರಲಿಲ್ಲ. ಊಟದ ತಟ್ಟೆ ತೊಳೆದು ಬಂದ ಮಕ್ಕಳು ಖಾಲಿ ಜಾಗ ಎರಡನ್ನು ಹಾಗೇ ಬಿಟ್ಟು ಸುತ್ತ ಕೂತವು.

ಯತೀಶ ಬ್ಯಾಗಿನ ಜಿಪ್ ಅರ್ಧ ಎಳೆದು ನಿಲ್ಲಿಸಿದ. ಕೇಳಬಾರದ್ದನ್ನು ಕೇಳುವುದರಲ್ಲಿ ಅವನು ಮೊದಲಿಂದಲೂ ನಿಸ್ಸೀಮ.

"ಮೇಡಂ, ಇವತ್ತೂ ಕಾಲ್ ಬರ್ದಿದ್ರೆ?"

ಮಿಸ್ ಮೊಬೈಲಿನಿಂದ ಕಣ್ಣೆತ್ತಲಿಲ್ಲ.

"ಬರ್ದಿದ್ರೂ, ಒಂದೂಕಾಲು ಆಗೋ ತನಕ ಟೀವಿ ಮುಟ್ಬೇಡಿ."