ಅಕ್ಕಾರು ಒಮ್ಮೆ ನೋಡ್ಲಿ

ಖಾಸಬಾಗದ ನಮ್ಮ ಪ್ರಕಾಶನದಲ್ಲಿ ನಾಲ್ಕೇ ಮಂದಿ: ಮಾಲೀಕರು, ಪುಟ ಜೋಡಿಸುವ ಹುಡುಗಿ, ಮುದ್ರಣಾಲಯಕ್ಕೆ ಓಡಾಡುವ ಕಾಕಾ, ಕರಡು ತಿದ್ದುವ ನಾನು. ಪುಸ್ತಕಗಳು ಯಾಕೆ ತಡವಾಗುತ್ತವೆ ಎಂದು ತಿಳಿಯಲು ಮಾಲೀಕರು ಮೂರು ಶನಿವಾರ ಕಾರ್ಯಾಗಾರ ಇಡಿಸಿದರು. ನಡೆಸಿಕೊಡಲು ಬಂದ ಮೇಡಂ, “ಕೆಲಸದ ದಾರಿಯನ್ನು ಚೀಟಿಗಳಲ್ಲಿ ಬರೆದು ಗೋಡೆಗೆ ಅಂಟಿಸಿ. ಒಂದು ವಾರ ಆ ದಾರಿಯಲ್ಲೇ ನಡೆದು ನೋಡಿ. ಮತ್ತೆ ಕೂತು ತಿದ್ದೋಣ,” ಎಂದರು.

ಕೆಲಸ ನಿಂತ ಕಡೆ ಕೆಂಪು ಚೀಟಿ. ಮೊದಲ ಶನಿವಾರವೇ ಅವೆಲ್ಲ ನನ್ನ ಮೇಜಿನ ಹೆಸರಿನಡಿ ಬಂದು ಕುಳಿತವು.

“ಅಕ್ಕಾರ, ನಿಮ್ಮ ಮೇಜು ದೇಸೂರ ಸ್ಟೇಷನ್ ಆಗೇತಿ ನೋಡ್ರಿ. ಗಾಡಿ ಬಂದ್ರ ಬಿಡಂಗೇ ಇಲ್ಲ!” ಎಂದಳು ಹುಡುಗಿ.

ಎಲ್ಲರೂ ನಕ್ಕರು, ನಾನೂ ನಕ್ಕೆ. ಮಾಲೀಕರು ಮಾತ್ರ ನಗದೆ, “ಕರಡು ತಿದ್ದೂದು ಹೊರಗ ಕೊಡೂಣೇನ್ರಿ?” ಎಂದು ಅದನ್ನೂ ಒಂದು ಚೀಟಿಯಲ್ಲಿ ಬರೆದು ಅಂಟಿಸಿಬಿಟ್ಟರು. ಹದಿನೆಂಟು ವರ್ಷ ಕುಳಿತ ಮೇಜು. ಅವತ್ತು ನನ್ನ ಅವಲಕ್ಕಿ ಡಬ್ಬಿ ತುಂಬಿದ್ದಂತೆಯೇ ಮನೆಗೆ ಹೋಯಿತು.

ಆಗ ಖಾನಾಪುರದ ನಿವೃತ್ತ ಮಾಸ್ತರರೊಬ್ಬರ ಪುಸ್ತಕ ಕೈಯಲ್ಲಿತ್ತು, ಭತ್ತದ ಹಳೆಯ ತಳಿಗಳ ಬಗ್ಗೆ. ಪುಟ ಮೇಜಿಗೆ ಬಂದಾಗಲೆಲ್ಲ ಮೂಲೆಯಲ್ಲಿ ಒಂದು ಗೆರೆ ಎಳೆಯಲು ಮೇಡಂ ಹೇಳಿದರು. ಎಳೆದೆ.

ಎರಡನೇ ಶನಿವಾರ ನೋಡಿದರೆ ಹನ್ನೆರಡನೇ ಪುಟದ ಮೇಲೆ ಆರು ಗೆರೆ! ತಪ್ಪು ಸಿಕ್ಕಿದ್ದು ಮೊದಲ ಸಲ ಮಾತ್ರ. ಉಳಿದ ಐದು ಸಲ ಯಾಕೆ ಬಂತು?

“ನಾ ಸಣ್ಣಾಕಿ. ಅಕ್ಕಾರು ಒಮ್ಮೆ ನೋಡ್ಲಿ ಅಂತ ಇಟ್ನಿರಿ,” ಎಂದಳು ಹುಡುಗಿ.

“ನಿಮಗ ತೋರಸ್ದ ಹೆಂಗ ಒಯ್ಯಲಿ? ಮರ್ಯಾದಿ ಬ್ಯಾಡೇನ್ರಿ?” ಎಂದರು ಕಾಕಾ.

ಮಾಸ್ತರರೂ ಬಸ್ಸಿನಲ್ಲಿ ಪುಟ ವಾಪಸು ಕಳಿಸುವಾಗ ‘ಅಕ್ಕಾರು ಒಮ್ಮೆ ನೋಡ್ಲಿ’ ಎಂದೇ ಬರೆದಿದ್ದರು. ಮೇಡಂ ಮಾಲೀಕರತ್ತ ತಿರುಗಿದರು.

“ನಂದು ಎರಡು ಸಲ,” ಎಂದರು ಅವರು, ಫ್ಯಾನು ನೋಡುತ್ತ.

ಹೊಸ ದಾರಿ ಹಾಕಿದೆವು: ನಾನು ಸಹಿ ಮಾಡಿದ ಪುಟ ತಿರುಗಿ ಬರುವಂತಿಲ್ಲ. ತಂದವರು ಎಲ್ಲರಿಗೂ ಕುಂದಾ ತಿನ್ನಿಸಬೇಕು. ಮೂರನೇ ಶನಿವಾರದ ಹೊತ್ತಿಗೆ ಪುಸ್ತಕ ಅಚ್ಚಿಗೆ ಹೋಗಿತ್ತು. ಕುಂದಾ ತಂದವರು ಮಾಲೀಕರೊಬ್ಬರೇ. ಕರಡು ಹೊರಗೆ ಕೊಡುವ ತಮ್ಮ ಆ ಚೀಟಿಯನ್ನು ತಾವೇ ಕಿತ್ತು, ಬೆರಳು ಒರೆಸಿಕೊಂಡರು.

ಪುಸ್ತಕ ಕೊಡಲು ನಾನೇ ಖಾನಾಪುರಕ್ಕೆ ಹೋದೆ. “ಬರ್ರಿ, ಕುಂದರ್ರಿ,” ಎಂದು ಚಹಾ ಕೊಟ್ಟ ಮಾಸ್ತರರು ಒಳಗಿನಿಂದ ಹೊಸ ಹಸ್ತಪ್ರತಿ ತಂದರು.

“ಇದನ್ನೂ ನೀವ ಒಮ್ಮೆ ನೋಡ್ರಿ.”

“ಒಮ್ಮೆ ಮಾತ್ರ ನೋಡ್ತೀನ್ರಿ ಮತ್ತ!” ಎಂದು ಚೀಲಕ್ಕೆ ಹಾಕಿಕೊಂಡೆ.

ಮರಳುವ ಬಸ್ಸಿನಲ್ಲಿ ಮಾತ್ರ ತಡೆಯಲಾಗಲಿಲ್ಲ. ನನ್ನ ಪ್ರತಿ ತೆಗೆದು, ಹನ್ನೆರಡನೇ ಪುಟವನ್ನು ಏಳನೇ ಸಲ ನೋಡಿದೆ.