ಓದಿ ಹೇಳುತ್ತಿದ್ದ ಗುಂಡಿ

ನಮ್ಮ ಮನೆಗೆ ದಿನಪತ್ರಿಕೆ ಎರಡು ಸಲ ಬರುತ್ತಿತ್ತು. ಮೊದಲು ಅಂಗಳದಲ್ಲಿ ಬಂದು ಬೀಳುವ ಕಾಗದದ ಪತ್ರಿಕೆ, ಆಮೇಲೆ ಮಾವನವರ ಮೊಬೈಲಿನಲ್ಲಿ ಅದೇ ಪತ್ರಿಕೆ. ಕಾಗದದ್ದು ಬಗಲಲ್ಲಿಟ್ಟುಕೊಂಡು ಹೋಗಲಿಕ್ಕೆ, ಮೊಬೈಲಿನದ್ದು ಕೇಳಲಿಕ್ಕೆ. ಇದು ಮಾವ, ಅತ್ತೆ, ನನ್ನ ಯಜಮಾನರು ಮತ್ತು ನಾನು, ಈ ನಾಲ್ವರ ನಡುವಿನ ಗುಟ್ಟಾಗಿತ್ತು.

ಮಾವನವರು ಬಸ್ ಕಂಡಕ್ಟರ್ ಆಗಿದ್ದವರು. ನೌಕರಿಯ ಬಹುಪಾಲು ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ, ಬಸವಕಲ್ಯಾಣದಿಂದ ಹುಮನಾಬಾದಿಗೆ. ನಿವೃತ್ತಿಯಾದ ಕೆಲವು ವರ್ಷಕ್ಕೆ ಅವರ ಕಣ್ಣಿನ ನರ ಸೊರಗತೊಡಗಿತು. ಇದು ಪೊರೆಯಲ್ಲ, ತೆಗೆದು ಸರಿಮಾಡುವಂಥದ್ದಲ್ಲ, ಉಳಿದಷ್ಟನ್ನು ಕಾಪಾಡಿಕೊಳ್ಳಿ ಎಂದರು ಡಾಕ್ಟರು. ಉಳಿದದ್ದು ಬೆಳಕು, ಮನುಷ್ಯರ ಆಕಾರ, ಬಾಗಿಲು, ಮೆಟ್ಟಿಲು. ಅಕ್ಷರ ಮಾತ್ರ ಪೂರಾ ಹೋಗಿತ್ತು.

ದಿನಾ ಒಂಬತ್ತಕ್ಕೆ ಅವರು ಬಸ್ ನಿಲ್ದಾಣದ ಹತ್ತಿರ ಟೇಲರ್ ಅಂಗಡಿಯೊಂದರ ಮುಂದಿನ ಬೆಂಚಿಗೆ ಹೋಗುತ್ತಿದ್ದರು. ಅಲ್ಲಿ ಟೇಲರ್ ಚಾಚಾ ಸೇರಿ ಮೂವರು ಹಳೆಯ ಗೆಳೆಯರು. ಆ ಬೆಂಚಿನ ಮೇಲೆ ಕೂರಬೇಕಾದರೆ ಪೇಪರ್ ಓದಿರಬೇಕು, ಓದಿದ್ದರ ಬಗ್ಗೆ ಜಗಳ ಆಡಬೇಕು. ಅಲ್ಲಿಯವರಿಗೆ ಕಣ್ಣಿನ ವಿಷಯ ಹೇಳಿಬಿಡಿ ಎಂದು ಯಜಮಾನರು ಒಮ್ಮೆ ಅಂದಾಗ ಮಾವ ರೇಗಿದ್ದರು. "ಗೊತ್ತಾತಂದ್ರ ನನ್ನ ಮುಂದ ಓದಿ ತೋರಸ್ತಾರ, ಕೂಸಿಗಿ ತೋರಿಸಿದಂಗ. ಆಮ್ಯಾಲ ನನ್ನ ಮಾತ ಯಾರ ಕೇಳ್ತಾರ? ಬ್ಯಾಡ."

ಅದಕ್ಕೇ ಮೊಬೈಲು. ಅದರ ಬ್ರೌಸರಿನಲ್ಲಿ ಪತ್ರಿಕೆಯ ಪುಟ ತೆರೆದರೆ ಮೇಲೆ ಬಲಮೂಲೆಯಲ್ಲಿ ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನಿನ ಪುಟ್ಟ ಚಿತ್ರವಿರುವ ಗುಂಡಿ. ಅದನ್ನು ಒತ್ತಿದರೆ ಹೆಣ್ಣುದನಿಯೊಂದು ಮೊದಲಿನಿಂದ ಕೊನೆಯವರೆಗೆ ಓದುತ್ತಿತ್ತು. ಮಾವ ಆ ದನಿಗೆ ಟೀಚರ್ ಬಾಯಿ, ಅಂದರೆ ಟೀಚರಮ್ಮ, ಎಂದು ಹೆಸರಿಟ್ಟಿದ್ದರು. ಅವರಿಗೆ ಚಿತ್ರ ಕಾಣುತ್ತಿರಲಿಲ್ಲ. ಹೆಬ್ಬೆರಳು ಅಂಚು ಹಿಡಿದು ಸರಿಯುತ್ತ ಮೂಲೆಗೆ ಹೋಗಿ, ಅಲ್ಲಿಂದ ಒಂದಿಷ್ಟು ಕೆಳಗಿಳಿದು ಒತ್ತುತ್ತಿತ್ತು. ಟೀಚರ್ ಬಾಯಿ ಮುಗಿಸಿದ ಮೇಲೆ ನಾನು ಕಾಗದದ ಪತ್ರಿಕೆಯನ್ನು ಹೆಸರು ಹೊರಗೆ ಬರುವಂತೆ ಮಡಚಿ, ಮೇಲಿನ ತುದಿಯನ್ನು ಸ್ವಲ್ಪ ಬಗ್ಗಿಸಿ ಕೊಡುತ್ತಿದ್ದೆ, ಬೆಂಚಿನ ಮೇಲೆ ಅವರು ಅದನ್ನು ತಲೆಕೆಳಗಾಗಿ ಹಿಡಿಯಬಾರದೆಂದು.

ಒಂದು ಬೆಳಿಗ್ಗೆ ಮೊಬೈಲಿನ ಬ್ರೌಸರು ತಾನಾಗಿಯೇ ಅಪ್‌ಡೇಟ್ ಆಗಿ ಕೂತಿತ್ತು. ಪಡಸಾಲೆಯಿಂದ ಮಾವನ ದನಿ ಬಂತು.

"ಅವ್ವಾ, ಟೀಚರ್ ಬಾಯಿ ಬಾಯಿ ಬಿಡವಲ್ಲಳು ನೋಡು. ನಾ ಏನರ ಕೆಡಿಸಿದೆನೇನು?"

ಹೋಗಿ ನೋಡಿದೆ. ಮೇಲಿದ್ದ ಪಟ್ಟಿ ಕೆಳಕ್ಕೆ ಬಂದಿತ್ತು. ಬಣ್ಣ ಬದಲಾಗಿತ್ತು. ಹೊಸ ನೋಟಕ್ಕೆ ಸ್ವಾಗತ, ಈಗ ಇನ್ನಷ್ಟು ಸರಳ ಎಂಬ ಬರಹ ಇಣುಕಿ ಮರೆಯಾಯಿತು. ಹೆಡ್‌ಫೋನಿನ ಚಿತ್ರ ಎಲ್ಲಿಯೂ ಇರಲಿಲ್ಲ. ಅದಿದ್ದ ಜಾಗದಲ್ಲಿ ಈಗ ಇನ್ನೇನೋ ಇತ್ತು. ಮಾವನ ಹೆಬ್ಬೆರಳು ಒತ್ತಿದಾಗಲೆಲ್ಲ ಒಂದು ಬರಿದಾದ ಹೊಸ ಪುಟ ತೆರೆದುಕೊಳ್ಳುತ್ತಿತ್ತು. ನಾನು ಹೋಗುವಷ್ಟರಲ್ಲಿ ಹನ್ನೊಂದು ಬರಿ ಪುಟಗಳು ತೆರೆದಿದ್ದವು.

"ನೀವೇನೂ ಕೆಡಿಸಿಲ್ರಿ ಮಾವ. ಅವರೇ ತಗದಾರ."

"ಯಾಕ? ಅಕಿ ಏನ್ ತಪ್ಪ ಮಾಡಿದ್ದಳು?"

ಎರಡು ದಿನ ಹುಡುಕಿದೆ. ಒಲೆಯ ಮೇಲೆ ಬೇಳೆ ಇಟ್ಟು ಬ್ರೌಸರಿನ ಮೂರು ಚುಕ್ಕೆಯ ಪಟ್ಟಿಯೊಳಗೆ ಹೋಗುವುದು, ಕುಕ್ಕರ್ ಕೂಗಿದರೆ ಹೊರಗೆ ಬರುವುದು. ಸೆಟ್ಟಿಂಗ್ಸಿನ ಪ್ರತಿ ಸಾಲನ್ನೂ ಓದಿದೆ. ಕೇಳದೆ ಕೊಟ್ಟಿದ್ದ ಹೊಸ ಸೌಲಭ್ಯಗಳು ಹತ್ತಾರು ಇದ್ದವು, ಬೇಕಾದದ್ದು ಒಂದು ಇರಲಿಲ್ಲ. ಮೊಬೈಲ್ ಅಂಗಡಿಯಾತ, "ಎಲ್ಲಾರ್ದೂ ಹಂಗೇ ಆಗ್ಯಾದ್ರಿ ಅಕ್ಕಾರ, ಹಿಂದಕ ಹೋಗಾಕ ಬರಂಗಿಲ್ಲ" ಎಂದು ಬೇರೊಂದು ಬ್ರೌಸರ್ ಹಾಕಿಕೊಟ್ಟ. ಅದೂ ಓದುತ್ತಿತ್ತು, ಆದರೆ ಕನ್ನಡವನ್ನು ಪರವೂರಿನವರಂತೆ ಎಡವುತ್ತ ಓದುತ್ತಿತ್ತು. ಮಾವ ಎರಡು ಸುದ್ದಿ ಕೇಳಿ, "ಇಕಿಗಿ ಮೊದಲು ಯಾರರ ಸಾಲಿ ಕಲಸ್ರಿ" ಎಂದು ಮೊಬೈಲು ಪಕ್ಕಕ್ಕಿಟ್ಟರು.

ಕೊನೆಗೆ ಹಳೆಯ ಬ್ರೌಸರಿನ ಕಂಪನಿಗೇ ಬರೆದೆ. ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ ಕ್ರಮದಲ್ಲಿ, ಮಾನ್ಯರೇ ಎಂದು ಶುರುಮಾಡಿ, ವಿಷಯ ಎಂದು ಬರೆದು ಅಡಿಗೆರೆ ಎಳೆಯಲು ಬಾರದ್ದಕ್ಕೆ ಬೇಸರಪಟ್ಟು, ಮೂರು ಪ್ಯಾರಾ ಬರೆದೆ. ತಮ್ಮ ವಿಧೇಯ ಎನ್ನುವಷ್ಟರಲ್ಲಿ ಬರೆಯುವ ಚೌಕ ತುಂಬಿಹೋಗಿ ಮುಂದಿನ ಅಕ್ಷರ ಬೀಳಲಿಲ್ಲ. ಕಳಿಸಿದ ಕೂಡಲೇ ಧನ್ಯವಾದ ಬಂತು, ಅದರ ಕೆಳಗೆ ಅಳುವುದರಿಂದ ನಗುವುದರವರೆಗೆ ಐದು ಮುಖಗಳು. ನಿಮ್ಮ ಅನುಭವ ಹೇಗಿತ್ತು, ಒಂದನ್ನು ಆರಿಸಿ. ಅಳುವ ಮುಖ ಒತ್ತಿದರೆ ಯಾರಿಗಾದರೂ ನೋವಾದೀತೆಂದು ನಡುವಿನದನ್ನು ಒತ್ತಿದೆ.

ಆ ಎರಡು ದಿನ ಮಾವ ಬೆಂಚಿಗೆ ಹೋಗಲಿಲ್ಲ. ಮೊಣಕಾಲು ನೋವು ಎಂದರು. ಮೂರನೆಯ ದಿನ ಅತ್ತೆ ಮೆಂತ್ಯೆ ಸೊಪ್ಪಿನ ಪುಟ್ಟಿ ತಂದು ಅಡುಗೆಮನೆಯ ಹೊಸ್ತಿಲಲ್ಲಿ ಕೂತು, ಪಡಸಾಲೆಗೆ ಕೇಳುವಂತೆ ಅಂದರು: "ಯವ್ವಾ, ನನಗ ಸ್ವಲ್ಪ ಪೇಪರ್ ಓದಿ ಹೇಳು. ಜಗತ್ತಿನಾಗ ಏನ್ ನಡದಾದೋ ಏನೋ."

ಅತ್ತೆ ಹುಟ್ಟಿದಾಗಿನಿಂದ ಪೇಪರಿನ ಸುದ್ದಿ ಕೇಳಿದವರಲ್ಲ. ಆದರೆ ನಮ್ಮಲ್ಲಿ ಸೊಸೆ ಮಾವನ ಎದುರು ಕೂತು ಗಟ್ಟಿಯಾಗಿ ಮಾತಾಡುವ ರೂಢಿಯಿಲ್ಲ. ನನ್ನ ತಲೆಯ ಮೇಲಿನ ಸೆರಗೂ ಅವರ ಮುಂದೆ ಜಾರುವುದಿಲ್ಲ. ಹಾಗಾಗಿ ನಾನು ಒಲೆಯ ಕಡೆ ಮುಖ ಮಾಡಿ, ನಡುವೆ ಅತ್ತೆಯನ್ನಿಟ್ಟುಕೊಂಡು ಓದಿದೆ. ಸಿಸ್ಟರ್ ಹೇಳುತ್ತಿದ್ದಂತೆ ಪದದ ಕೊನೆಯನ್ನು ನುಂಗದೆ, ಕೊನೆಯ ಬೆಂಚಿಗೆ ಮುಟ್ಟುವ ಹಾಗೆ. ಪಡಸಾಲೆಯ ಕುರ್ಚಿ ಕಿರುಗುಟ್ಟಿ ಹತ್ತಿರ ಸರಿದದ್ದು ಕೇಳಿಸಿತು. ಒಂಬತ್ತಕ್ಕೆ ಮಾವ ಪೇಪರ್ ಬಗಲಲ್ಲಿ ಹಿಡಿದು ಹೊರಟರು. ಮೊಣಕಾಲಿನ ಮಾತೇ ಇರಲಿಲ್ಲ.

ಹೀಗೆ ಮೂರು ವಾರ ನಡೆಯಿತು. ಎಲ್ಲವನ್ನೂ ಓದುತ್ತಿದ್ದೆ, ಕಬ್ಬಿನ ಲಾರಿ ಮಗುಚಿದ್ದು, ಸಂತೆಯ ಧಾರಣೆ, ಯಾರೋ ಮಂತ್ರಿ ಬಂದು ಹೋದದ್ದು. ಮೂರನೆಯ ಪುಟದ ಕೆಳಮೂಲೆಯೊಂದನ್ನು ಮಾತ್ರ ಬಿಡುತ್ತಿದ್ದೆ. ಅದು ನಿಧನ ವಾರ್ತೆಯ ಜಾಗ. ಬೆಳಿಗ್ಗೆ ಚಹಾ ಆಗುವ ಮೊದಲು ಮನೆಯಲ್ಲಿ ಅಂಥ ಮಾತು ಆಡಬಾರದೆಂದು ನನಗೆ ಯಾರೂ ಹೇಳಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಆ ಮೂಲೆ ಬರುತ್ತಿದ್ದಂತೆ ಕೈ ತಾನಾಗಿ ಪುಟ ತಿರುಗಿಸುತ್ತಿತ್ತು. ನಾನು ಅಲ್ಲಿರುವ ಮುಖಗಳನ್ನೂ ನೋಡುತ್ತಿರಲಿಲ್ಲ.

ಒಂದು ಶುಕ್ರವಾರ ಮಾವ ಹೋದ ಅರ್ಧ ತಾಸಿಗೇ ಗೇಟು ಸದ್ದಾಯಿತು. ಟೇಲರ್ ಚಾಚಾ ಮಾವನ ತೋಳು ಹಿಡಿದುಕೊಂಡು ನಿಂತಿದ್ದರು. ಅವರ ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು.

"ಬೇಟಿ, ಗಾಬರಿ ಆಗಬ್ಯಾಡ. ಕಂಡಕ್ಟರ್ ಸಾಬ್‌ಗೆ ಏನೂ ಆಗಿಲ್ಲ. ಮಂಠಾಳದ ಡ್ರೈವರ್ ಸಾಬ್ ನಿನ್ನೆ ತೀರ್ಕೊಂಡಾರ. ಪೇಪರ್‌ನಾಗ ಫೋಟೋ ಬಂದಾದ. ನಾವು ಮೂರೂ ಮಂದಿ ಇವರಿಗಿ ಹ್ಯಾಂಗ ಸಮಾಧಾನ ಮಾಡೋದು ಅಂತ ಚಿಂತಿ ಮಾಡಾಕತ್ತಿದ್ವಿ. ಇವರು ಬಂದವರೇ, 'ಈ ಐತವಾರ ಮಂಠಾಳಕ್ಕ ಹೋಗಿ ಅಂವನ ಸಂಗಡ ರೊಟ್ಟಿ ಉಂಡ ಬರ್ತೀನಿ' ಅಂದ್ರು. ಮೊದಲು ತಲಿ ತಿರುಗ್ಯಾದ ಅಂತ ತಿಳದ್ವಿ. ಪೇಪರ್ ಅವರ ಬಗಲಾಗೇ ಅದ!"

ಮಾವ ಪೇಪರನ್ನು ನನ್ನ ಕೈಗೆ ಕೊಟ್ಟರು. ಮೂರನೆಯ ಪುಟ ತೆಗೆದೆ. ಅಂಚೆಚೀಟಿಯಷ್ಟು ಚಿತ್ರ, ದಪ್ಪ ಮೀಸೆ. ಅಂತ್ಯಕ್ರಿಯೆ ಇಂದು ಮಧ್ಯಾಹ್ನ ಹನ್ನೆರಡಕ್ಕೆ, ಮಂಠಾಳದಲ್ಲಿ.

ಇಬ್ಬರೂ ಒಂದೇ ಬಸ್ಸಿನಲ್ಲಿ ಇಪ್ಪತ್ತು ವರ್ಷ ದುಡಿದವರು. ಮಾವ ಅವರನ್ನು ಸ್ಟೇರಿಂಗ್ ಎನ್ನುತ್ತಿದ್ದರು, ಅವರು ಮಾವನನ್ನು ಟಿಕೇಟ್ ಎನ್ನುತ್ತಿದ್ದರು. ನನ್ನ ಮದುವೆಯಲ್ಲಿ ಊಟದ ಪಂಕ್ತಿಯಲ್ಲಿ ಇಬ್ಬರೂ ಹೋಳಿಗೆ ಪಂದ್ಯ ಕಟ್ಟಿ ಉಂಡದ್ದನ್ನು ಅತ್ತೆ ಈಗಲೂ ಹೇಳುತ್ತಾರೆ.

ಯಜಮಾನರು ಕೆಲಸದ ಮೇಲೆ ಬೀದರಿಗೆ ಹೋಗಿದ್ದರು. ಅತ್ತೆಗೆ ಬಸ್ಸು ಆಗುವುದಿಲ್ಲ. ನಾನೇ ಮಾವನ ಜೊತೆ ಹೊರಟೆ. ನಿಲ್ದಾಣದಲ್ಲಿ ಅವರು ಬಸ್ಸುಗಳ ಮುಂದೆ ಸುಮ್ಮನೆ ನಿಂತರು. ನಾನು ಬೋರ್ಡು ಓದಿ ಮೆಲ್ಲಗೆ, "ಇದು ಮಾವ" ಎಂದೆ.

ಬಸ್ಸು ಹೊರಟ ಮೇಲೆ ಅವರು ಕಿಟಕಿಯ ಕಡೆ ನೋಡುತ್ತಿದ್ದರು. "ಈಗ ರಾಜೇಶ್ವರ ಬರ್ತದ" ಎಂದರು, ಬಂತು. ನಾನು ಆ ಬ್ರೌಸರಿನವರನ್ನು ಮನಸ್ಸಿನಲ್ಲೇ ಬೈಯುತ್ತಿದ್ದೆ. ಎಲ್ಲೋ ದೂರದಲ್ಲಿ ತಣ್ಣನೆಯ ಕೋಣೆಯಲ್ಲಿ ಕೂತ ಯಾರೋ ಒಬ್ಬರು, ಈ ಗುಂಡಿ ಯಾರಿಗೆ ಬೇಕು, ಇಲ್ಲದಿದ್ದರೆ ನೋಡಲು ಚೊಕ್ಕಟ ಎಂದು ತೆಗೆದಿರಬೇಕು. ಒಳ್ಳೆಯದಕ್ಕೇ ಎಂದುಕೊಂಡಿರಬೇಕು. ಅಷ್ಟು ಬೈದಾದ ಮೇಲೆ ಬಾಯಿ ಕಹಿಯಾಯಿತು. ನಾನೂ ಅದನ್ನೇ ಮಾಡಿದ್ದೆನಲ್ಲ. ಓದುವವಳು ನಾನು ಎಂಬ ಒಂದೇ ಹಕ್ಕಿನ ಮೇಲೆ, ಕೇಳುವವರನ್ನು ಕೇಳದೆ, ಪುಟದ ಒಂದು ಮೂಲೆಯನ್ನು ತೆಗೆದುಹಾಕಿದ್ದೆ. ಹೋಗಲಿ, ಅವರು ಸ್ವಾಗತ ಎಂದಾದರೂ ಬರೆದಿದ್ದರು. ನಾನು ಅದನ್ನೂ ಹೇಳಿರಲಿಲ್ಲ.

ಬಸವಕಲ್ಯಾಣದಲ್ಲಿ ಮಂಠಾಳದ ಬಸ್ಸು ತಡವಾಯಿತು. ನಾವು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಗಂಡಸರು ಹೊಲದಿಂದ ಬಂದು ಬಾಗಿಲಲ್ಲಿ ಕಾಲು ತೊಳೆದುಕೊಳ್ಳುತ್ತಿದ್ದರು. ಡ್ರೈವರ್ ಅವರ ಹೆಂಡತಿ ಗೋಡೆಗೆ ಒರಗಿ ಕೂತಿದ್ದರು. ಮಾವನನ್ನು ನೋಡಿ ಸೆರಗು ಸರಿಮಾಡಿಕೊಂಡರು.

"ಬರ್ರಿ ಅಣ್ಣಾರ. ಫೋನ್ ಹಚ್ಚಿದ್ವಿ, ಹಳೀ ನಂಬರ್ ಇತ್ತೋ ಏನೋ, ಹತ್ತಲಿಲ್ಲ. ಪೇಪರ್‌ನಾಗ ನೋಡಿ ಬಂದ್ರೇನು?"

ಹೌದು ಎಂದುಬಿಡಲಿ ಎಂದು ನಾನು ಬೇಡಿಕೊಂಡೆ. ಸುತ್ತಲೂ ಜನ, ಅದರಲ್ಲಿ ಅವರ ಜೊತೆ ಕೆಲಸ ಮಾಡಿದವರೂ ಇದ್ದರು. ಮಾವ ಕನ್ನಡಕ ತೆಗೆದು ಅಂಗಿಯ ಜೇಬಿನಲ್ಲಿಟ್ಟರು.

"ಇಲ್ಲ ತಂಗಿ. ನನಗ ಅಕ್ಷರ ಕಾಣಂಗಿಲ್ಲ. ಎರಡು ವರ್ಷಾತು. ಯಾರಿಗೂ ಹೇಳಿಲ್ಲ. ಅದಕ್ಕ ತಡ ಆತು."

ಆಕೆ ಹೇಳಿದರು: "ಗೊತ್ತದರಿ. ಹೋದ ವರ್ಷ ಬಂದಾಗ ಗೋಡಿ ಕಡಿ ನೋಡಿ, ಮೊಮ್ಮಗನ ಫೋಟೋ ಚಂದ ಬಂದಾದ ಅಂದ್ರಿ. ಅಲ್ಲಿದ್ದದ್ದು ಗೊಬ್ಬರದ ಅಂಗಡಿ ಕ್ಯಾಲೆಂಡರ್. ನೀವು ಹೋದ ಮ್ಯಾಲ ಇವರಂದ್ರು, 'ಟಿಕೇಟ್‌ಗ ಕಣ್ಣ ಹೋಗ್ಯಾವ, ಹೇಳಾಕ ನಾಚಾಕತ್ತಾನ. ಅಂವ ಹೇಳೋತನಾ ನೀ ಕೇಳಬ್ಯಾಡ.'"

"ಕಳ್ಳ" ಎಂದರು ಮಾವ. ಮುಖದಲ್ಲಿ ನಗು ಬಂದಿತ್ತು, ಕಣ್ಣಲ್ಲಿ ನೀರೂ ಬಂದಿತ್ತು. "ಗೊತ್ತಿದ್ದೂ ನನಗ ಆಡಿಸ್ಯಾನ." ಆಮೇಲೆ ಯಾರೋ ಅವರನ್ನು ಹೊಲದ ಸಮಾಧಿಯ ಬಳಿಗೆ ಕರೆದುಕೊಂಡು ಹೋದರು. ಬಹಳ ಹೊತ್ತಿನ ಮೇಲೆ ಬಂದರು, ಬೆರಳುಗಳಿಗೆ ಹಸಿ ಮಣ್ಣು ಮೆತ್ತಿತ್ತು.

ಮಂಠಾಳದಲ್ಲಿ ಬಸ್ಸಿಗೆ ಕಾಯುವಾಗ ನಾನು ಹೇಳಿದೆ. ಅವರ ಎದುರು ನಿಂತು ಅಷ್ಟು ನೇರವಾಗಿ ಮಾತಾಡಿದ್ದು ಅದೇ ಮೊದಲು. "ಮಾವ, ಆ ಮೂಲಿ ನಾ ದಿನಾ ಬಿಡ್ತಿದ್ದೆರಿ. ತಪ್ಪಾತು."

"ಗೊತ್ತಾತವ್ವ" ಎಂದರು. "ಟೀಚರ್ ಬಾಯಿ ಸತ್ತವರ ಹೆಸರೂ ಸಿಮೆಂಟಿನ ಜಾಹೀರಾತೂ ಒಂದೇ ದನಿಯಾಗ ಓದ್ತಿದ್ದಳು. ನಿನಗ ಹಂಗ ಬರಂಗಿಲ್ಲ. ದನಿ ನಡಗಿದ್ರ ನಡಗಲಿ. ಓದು. ನನ್ನ ವಯಸ್ಸಿನವರ ಖಬರ್ ಆ ಮೂಲ್ಯಾಗೇ ಇರ್ತದ."

ಬಸವಕಲ್ಯಾಣದ ನಿಲ್ದಾಣದಲ್ಲಿ ಸಂಜೆಯ ಗದ್ದಲವಿತ್ತು. ನಾನು ಹುಮನಾಬಾದಿನ ಬೋರ್ಡು ಹುಡುಕುತ್ತಿದ್ದೆ. ಅಷ್ಟರಲ್ಲಿ ಮಾವ ಪಕ್ಕದಲ್ಲಿ ಬಟ್ಟೆ ಗಂಟು ಹಿಡಿದು ನಿಂತಿದ್ದ ಒಬ್ಬ ಮುದುಕಿಯ ಕಡೆ ತಿರುಗಿ, ಸುತ್ತಲಿನ ನಾಲ್ಕು ಜನಕ್ಕೆ ಕೇಳುವಂತೆ ಕೇಳಿದರು: "ಯವ್ವಾ, ನನಗ ಕಣ್ಣ ಕಾಣಂಗಿಲ್ಲ. ಹುಮನಾಬಾದ್ ಗಾಡಿ ಯಾವುದು?"

ನನ್ನನ್ನು ಕೇಳಬಹುದಿತ್ತು. ಕೇಳಲಿಲ್ಲ. ಹೇಳಿ ನೋಡುತ್ತಿದ್ದರು ಅಂತ ಕಾಣುತ್ತದೆ.

"ನನಗ ಕಣ್ಣ ಕಾಣ್ತಾವಪ್ಪಾ, ಓದಾಕ ಬರಂಗಿಲ್ಲ" ಎಂದಳು ಆಕೆ. "ನಾನೂ ಯಾರಿಗರ ಕೇಳಬೇಕಂತಲೇ ನಿಂತೀನಿ."

ಮಾವ ಗಟ್ಟಿಯಾಗಿ ನಕ್ಕರು. "ಹಂಗಾದ್ರ ಇಲ್ಲಿ ಬಾ. ನಮ್ಮ ಸೊಸಿ ಓದ್ತಾಳ. ಎಲ್ಲಾ ಓದ್ತಾಳ."

ಅವರಿಬ್ಬರೂ ನನ್ನ ಕಡೆ ತಿರುಗಿದರು. ನಾನು ಗಂಟಲು ಸರಿಮಾಡಿಕೊಂಡು, ಎಡಗಡೆಯ ಬಸ್ಸಿನಿಂದ ಶುರುಮಾಡಿ, ಒಂದೊಂದೇ ಬೋರ್ಡನ್ನು ಓದಿ ಹೇಳಿದೆ.