ರಾಹುಕಾಲಕ್ಕೆ ಮುಂಚೆ ಇಳಿದ ಎಂಜಿನ್

ಮೂರು ವಾರದ ಹಿಂದೆ, ಒಂದು ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತೆರಡು ನಿಮಿಷಕ್ಕೆ ನಾನು ನನ್ನ ಗಂಡನ ಕಾರು ಕೆಡಿಸಿದೆ. ಗುದ್ದಲಿಲ್ಲ, ಗೀಚಲಿಲ್ಲ. ಅಡುಗೆಮನೆ ಬಾಗಿಲ ಹಿಂದೆ ನೇತಾಡುವ ಕ್ಯಾಲೆಂಡರ್ ನೋಡಿ ಕೆಡಿಸಿದೆ.

ಕಾರು ಎಂದರೆ ಶೋರೂಮಿನ ಕಾರಲ್ಲ. ಕಿಟ್ ಕಾರು. ಇಂಗ್ಲೆಂಡಿನಿಂದ ಪೆಟ್ಟಿಗೆಗಳಲ್ಲಿ ಬಿಡಿಬಿಡಿಯಾಗಿ ಬರುತ್ತದೆ. ಚಾಸಿ ಎನ್ನುವ ಅಡಿಯ ಚೌಕಟ್ಟು, ಚಕ್ರ, ಫೈಬರ್ ಬಾಡಿ, ಚೀಲಗಟ್ಟಲೆ ನಟ್ಟು ಬೋಲ್ಟು. ಎಂಜಿನ್ ಮಾತ್ರ ನಾವೇ ಯಾವುದಾದರೂ ಹಳೇ ಕಾರಿನಿಂದ ತೆಗೆದು ಕೂರಿಸಬೇಕು. ಎರಡೇ ಸೀಟು. ಬಾಗಿಲಿಲ್ಲ, ಮೇಲೆ ಟಾಪಿಲ್ಲ. (ಎ.ಸಿ.ಯೂ ಇಲ್ಲ. ಬಹರೈನಿನಲ್ಲಿ! ಕಟ್ಟುತ್ತಿರುವ ಮಹಾನುಭಾವರು ವೃತ್ತಿಯಲ್ಲಿ ಎ.ಸಿ. ಎಂಜಿನಿಯರ್!)

ಇವರು ಅದನ್ನು ತರಿಸಿದ್ದು ಎರಡು ವರ್ಷದ ಹಿಂದೆ, ಕೈತುಂಬ ಕೆಲಸ ಇದ್ದಾಗ. ಬಿಚ್ಚಿ ನೋಡಲು ಪುರುಸೊತ್ತಿರಲಿಲ್ಲ. ಪೆಟ್ಟಿಗೆಗಳು ಇಲ್ಲಿನ ಅರಾದ್ ಎಂಬ ಊರಿನ ನಮ್ಮ ಬಾಡಿಗೆ ಮನೆಯ ಶೆಡ್ಡಿನಲ್ಲಿ ಹಾಗೇ ಕೂತಿದ್ದವು. ಅವುಗಳ ಮೇಲೆ ನಾನು ಸಂಡಿಗೆ ಒಣಗಿಸಿದ್ದೂ ಉಂಟು.

ಆಮೇಲೆ ಇವರ ಕೆಲಸ ಹೋಯಿತು. ಕಟ್ಟುತ್ತಿದ್ದ ಟವರ್ ಹದಿನಾಲ್ಕನೇ ಮಹಡಿಗೇ ನಿಂತಿತು. ಟವರಿಗೇ ಗತಿಯಿಲ್ಲ ಎಂದ ಮೇಲೆ ಅದರ ಎ.ಸಿ.ಗೆ ಎಲ್ಲಿಯ ಗತಿ?

ಮೊದಲ ತಿಂಗಳು ಇವರು ಸೋಫಾದ ಮೇಲೆ ಕೂತರು. ಎರಡನೇ ತಿಂಗಳು ಮಲಗಿದರು. ನಾನು ಕ್ಲಿನಿಕ್ಕಿನ ಫಾರ್ಮಸಿ ಡ್ಯೂಟಿ ಮುಗಿಸಿ ಸಂಜೆ ಬಂದರೆ ಬೆಳಿಗ್ಗೆ ಬಿಟ್ಟು ಹೋದ ಜಾಗದಲ್ಲೇ ಇರುತ್ತಿದ್ದರು. ಸಾರಿಗೆ ಉಪ್ಪು ಹಾಕದಿದ್ದರೂ ಕೇಳುತ್ತಿರಲಿಲ್ಲ. ನನ್ನ ಸಂಬಳ ಬರುತ್ತಿತ್ತು, ಊಟಕ್ಕೆ ಕೊರತೆ ಇರಲಿಲ್ಲ. ಆದರೂ ನನಗೆ ಭಯವಾಯಿತು. ಹುಬ್ಬಳ್ಳಿಯ ಗಂಡ ಜಗಳ ಆಡುವುದನ್ನೇ ನಿಲ್ಲಿಸಿದರೆ ತುಮಕೂರಿನ ಹೆಂಡತಿ ಏನೆಂದು ತಿಳಿಯಬೇಕು?

ಒಂದು ದಿನ ಇದ್ದಕ್ಕಿದ್ದಂತೆ "ಸ್ಕ್ರೂಡ್ರೈವರ್ ಎಲ್ಲೇದ?" ಎಂದು ಕೇಳಿದರು. ನಾನು ಹುಡುಕಿ ಕೊಟ್ಟು, ಒಳಗೆ ಹೋಗಿ ದೇವರಿಗೆ ತುಪ್ಪದ ದೀಪ ಹಚ್ಚಿದೆ. ಅವತ್ತೇ ಪೆಟ್ಟಿಗೆ ಬಿಚ್ಚಿದರು. ನಾಲ್ಕು ತಿಂಗಳಲ್ಲಿ ಶೆಡ್ಡಿನೊಳಗೆ ಕಾರಿನ ಅಸ್ಥಿಪಂಜರ ಎದ್ದು ನಿಂತಿತು. ಇವರೂ ಎದ್ದು ನಿಂತಿದ್ದರು. ನನಗೆ ಬೇಕಾಗಿದ್ದುದು ಅಷ್ಟೇ.

ಈಗ ಆ ಶುಕ್ರವಾರಕ್ಕೆ ಬರೋಣ. ಎಂಜಿನ್ ಕೂರಿಸುವ ದಿನ. ಹತ್ತಿರದ ಗ್ಯಾರೇಜಿನಲ್ಲಿ ಫೋರ್‌ಮನ್ ಆಗಿರುವ, ಉಡುಪಿ ಕಡೆಯ ಸದಾನಂದಣ್ಣ ಗ್ಯಾರೇಜಿನ ಕ್ರೇನ್ ತಂದಿದ್ದರು. ಅವರಿಗೂ ಕ್ರೇನಿಗೂ ರಜೆ ಇರುವುದು ಶುಕ್ರವಾರ ಮಾತ್ರ. ಶುಕ್ರವಾರದ ರಾಹುಕಾಲ ಎಷ್ಟು ಹೊತ್ತಿಗೆ? ಹತ್ತೂವರೆಯಿಂದ ಹನ್ನೆರಡು. ಆಮೇಲೆ ಸದಾನಂದಣ್ಣನಿಗೆ ಮನಾಮಾದಲ್ಲಿ ಒಂದು ಸೀಮಂತದ ಊಟ.

"ಹತ್ತೂವರೆ ಒಳಗೆ ಮುಗಿಸಿಬಿಡಿ ಪ್ಲೀಸ್. ಇಷ್ಟೆಲ್ಲ ಆಗಿದೆ, ಇನ್ನು ಇದೊಂದಕ್ಕೆ ಕಣ್ಣು ಬೀಳುವುದು ಬೇಡ" ಎಂದೆ ನಾನು.

ಎಂಜಿನ್ ಚೈನಿನಲ್ಲಿ ತೂಗಾಡುತ್ತಿತ್ತು. ಇವರು ಅದರ ಪಕ್ಕ ಬಗ್ಗಿ ನೋಡುತ್ತಿದ್ದರು. "ಹತ್ತು ನಿಮಿಷ ತಡಿ. ಸ್ಟೀರಿಂಗ್ ಶಾಫ್ಟ್ ಒಮ್ಮೆ ಹಾಕಿ ನೋಡ್ತೇನಿ. ಆಮ್ಯಾಲೆ ಬೋಲ್ಟಿಗೆ ಚಾಸಿಯಾಗ ತೂತು ಕೊರೆಯೋಣು."

"ಶಾಫ್ಟ್ ಆಮೇಲೆ ನೋಡಬಹುದಲ್ಲ ರೀ? ಹತ್ತೂ ಇಪ್ಪತ್ತು ಆಯ್ತು!"

"ಇಂಡಿಯಾ ಟೈಮಿನಾಗ ರಾಹುಕಾಲ ಯಾವಾಗೋ ಮುಗದದ. ಕ್ಯಾಲೆಂಡರ್ ಅಲ್ಲಿಂದ ಬಂದದ್ದಲ್ಲೇನು?"

"ನಾವಿರುವುದು ಇಲ್ಲಿ. ರಾಹುನೂ ಇಲ್ಲೇ ಇರ್ತಾನೆ" ಎಂದು ನಾನು ಕಡ್ಡಿ ಮುರಿದಂತೆ ಹೇಳಿದೆ.

ಸದಾನಂದಣ್ಣ ನನ್ನ ಮುಖ ನೋಡಿದರು, ಇವರ ಮುಖ ನೋಡಿದರು. "ಅಕ್ಕ ಹೇಳಿದ ಮೇಲೆ ಮುಗಿಯಿತು ಮಾರಾಯ್ರೆ" ಎಂದು ಚೈನ್ ಬಿಟ್ಟರು. ಎಂಜಿನ್ ಇಳಿಯಿತು. ತೂತು ಕೊರೆದದ್ದಾಯಿತು, ಬೋಲ್ಟು ಬಿಗಿದದ್ದಾಯಿತು. ಹತ್ತು ಇಪ್ಪತ್ತೊಂಬತ್ತು! ನಾನು ಕರ್ಪೂರ ಹಚ್ಚಿದೆ. ಸದಾನಂದಣ್ಣ ಕ್ರೇನ್ ವಾಪಸ್ ಕಳಿಸಿ ಊಟಕ್ಕೆ ಹೊರಟರು.

ಆಮೇಲೆ ಇವರು ಸ್ಟೀರಿಂಗಿನಿಂದ ಮುಂದಿನ ಚಕ್ರಗಳ ಕಡೆಗೆ ಹೋಗುವ ಉದ್ದನೆಯ ಸಲಾಕೆಯನ್ನು, ಅದೇ ಆ ಶಾಫ್ಟನ್ನು, ಎತ್ತಿಕೊಂಡರು. ಅದು ಹೋಗಲಿಲ್ಲ. ಎಂಜಿನ್ನಿನಿಂದ ಹೊಗೆ ಹೊರಬರುವ ಪೈಪು ಸರಿಯಾಗಿ ಅದರ ದಾರಿಗೇ ಅಡ್ಡ ನಿಂತಿತ್ತು. ಇಂಗ್ಲೆಂಡಿನವರಿಗೆ ಸ್ಟೀರಿಂಗ್ ಬಲಕ್ಕೆ, ನಮಗೆ ಇಲ್ಲಿ ಎಡಕ್ಕೆ. ಪೈಪೂ ಎಡಕ್ಕೇ. ಎಂಜಿನ್ ಎರಡು ಬೆರಳಿನಷ್ಟು ಆಚೆ ಇದ್ದಿದ್ದರೆ ಸಾಕಿತ್ತು. ತೂಗಾಡುವಾಗಲೇ ನೋಡಿದ್ದರೆ ತೂತನ್ನು ಅಷ್ಟು ಸರಿಸಿ ಕೊರೆಯಬಹುದಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಇವರು ಬೈಯಲಿಲ್ಲ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು! ಶಾಫ್ಟನ್ನು ಗೋಡೆಗೆ ಒರಗಿಸಿ, ಕೈ ತೊಳೆದು, ಒಳಗೆ ಬಂದು ಸೋಫಾದ ಮೇಲೆ ಮಲಗಿದರು.

ಶನಿವಾರ ಮಲಗಿದ್ದರು. ಭಾನುವಾರವೂ. ಸೋಮವಾರ ನಾನು ಸಾರಿಗೆ ಬೇಕೆಂದೇ ಉಪ್ಪು ಹಾಕಲಿಲ್ಲ. ಸುಮ್ಮನೆ ಉಂಡರು. ಮೇಲಿನ ಮಹಡಿಯ ನಮ್ಮ ಮನೆಯೊಡೆಯ, ಬಹರೈನಿ ಅಜ್ಜ, ಬಾಗಿಲಿಗೆ ಬಂದು "ಸಯ್ಯಾರಾ ಖಲಾಸ್?" ಎಂದು ಕೇಳಿದರು. ಕಾರು ಮುಗಿಯಿತಾ ಎಂದು. ಇವರು "ಖಲಾಸ್" ಎಂದರು. ಅಜ್ಜ ಖುಷಿಯಿಂದ ಬೆನ್ನು ತಟ್ಟಿದರು. ಪಾಪ, ಯಾವ ಖಲಾಸ್ ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಅವತ್ತು ನಾನು ಬಚ್ಚಲಿಗೆ ಹೋಗಿ ಅತ್ತೆ.

ಬುಧವಾರ ಫಾರ್ಮಸಿಯಲ್ಲಿ, ಮಲಗಿದ ರೋಗಿಗಳು ನೀರು ಕುಡಿಯುವ ಬಾಗುವ ಸ್ಟ್ರಾಗಳನ್ನು ಜೋಡಿಸಿಡುತ್ತಿದ್ದೆ. ಕೈ ನಿಂತಿತು. ಕೊಳವೆ ನಡುವೆ ಬಾಗುತ್ತದೆ, ಆದರೂ ನೀರು ಮೇಲೆ ಬರುತ್ತದೆ. ಹಾಗಿದ್ದರೆ ಶಾಫ್ಟ್ ಯಾಕೆ ನೇರವಾಗೇ ಹೋಗಬೇಕು? ಎರಡು ಸ್ಟ್ರಾ ಬ್ಯಾಗಿಗೆ ಹಾಕಿಕೊಂಡೆ. ನಾನೇನೋ ಕಂಡುಹಿಡಿದವಳ ಹಾಗೆ ಬೀಗುತ್ತಾ ಮನೆಗೆ ಬಂದೆ.

ಸೋಫಾದ ಮುಂದೆ ನಿಂತು ಸ್ಟ್ರಾ ಬಗ್ಗಿಸಿ ತೋರಿಸಿದೆ. "ನೋಡಿ, ಪೈಪಿನ ಹತ್ತಿರ ಹೀಗೆ ಬಾಗಿಸಿ ಆಚೆ ಕಳಿಸಿದರೆ?"

ಇವರು ಒಂದು ಕಣ್ಣು ತೆರೆದರು. "ಅದು ನನಗ ಗೊತ್ತಿಲ್ಲೇನು? ಅದಕ್ಕ ನಡುವ ಜಾಯಿಂಟ್ ಹಾಕ್ತಾರ."

"ಮತ್ತೆ ಹಾಕಿ."

"ಜಾಯಿಂಟ್ ಹಾಕಿದ್ರ ನಡುವ ಶಾಫ್ಟನ್ನ ಯಾರು ಹಿಡೀಬೇಕು? ನಿಮ್ಮಪ್ಪನೇನು?"

(ನಮ್ಮಪ್ಪ! ಕೆಲಸ ಹೋದ ಮೇಲೆ ಮೊದಲ ಸಲ ಇವರ ಜಗಳದಲ್ಲಿ ನಮ್ಮಪ್ಪ ಬಂದರು. ನನ್ನ ಕಿವಿ ತಂಪಾಯಿತು.)

"ಯಾಕೆ ಹಿಡೀಬೇಕು? ಸ್ಟ್ರಾ ತಾನಾಗೇ ನಿಲ್ಲಲ್ವಾ?" ಎಂದೆ ನಾನು ಹಟದಿಂದ.

"ಏ, ಹುಚ್ಚಿ ಇದ್ದೀಯೇನು? ಬಾ ಇಲ್ಲೆ!" ಎಂದು ಇವರು ಎದ್ದರು. ನನ್ನ ಕೈ ಹಿಡಿದು ಶೆಡ್ಡಿಗೆ ಎಳೆದುಕೊಂಡು ಹೋದರು. ಸ್ಟ್ರಾವನ್ನು ಪೈಪಿನ ಪಕ್ಕ ತೂರಿಸಿ ತಿರುಗಿಸಿದರು. ನಡುಭಾಗ ಚಾಟಿಯಂತೆ ಹೊಯ್ದಾಡಿತು. "ನೋಡಿದೇನು? ಇಲ್ಲೆ ಒಂದು ಬೇರಿಂಗ್ ಬೇಕು. ಚಾಸಿಗೆ ಬ್ರಾಕೆಟ್ ಕಟ್ಟಿ ಅದರಾಗ ಕೂಡಿಸಬೇಕು. ಇಲ್ಲೆ ಜಾಗ ಎಲ್ಲೇದ..." ಎಂದವರು ಅಲ್ಲಿಗೇ ನಿಂತರು. ಟಾರ್ಚ್ ತಂದರು. ಮಂಡಿಯೂರಿದರು. "ಒಂದು ರಟ್ಟು ಕೊಡು" ಎಂದರು.

ಕೆಮ್ಮಿನ ಔಷಧಿಯ ಖಾಲಿ ಬಾಕ್ಸ್ ಕೊಟ್ಟೆ. ಅದನ್ನು ಕತ್ತರಿಸಿ, ಇಟ್ಟು ನೋಡಿ, ಮತ್ತೆ ಕತ್ತರಿಸಿ ಬ್ರಾಕೆಟ್ಟಿನ ಅಳತೆ ತೆಗೆದರು. ನಾಲ್ಕು ರಟ್ಟು ಹಾಳಾಯಿತು. ಐದನೆಯದು ಪೈಪಿಗೆ ತಾಗದೆ, ಚಾಸಿಗೆ ಅಂಟಿಕೊಂಡಂತೆ ಕೂತಿತು. ಮರುದಿನ ಸದಾನಂದಣ್ಣ ಆ ರಟ್ಟನ್ನು ನೋಡಿ "ಎಂಜಿನ್ ತೆಗಿಯುದೇ ಬೇಡ. ಇದನ್ನು ನಾನು ಕಬ್ಬಿಣದಲ್ಲಿ ಮಾಡಿಸಿ ಕೊಡ್ತೇನೆ" ಎಂದರು. ಜಾಯಿಂಟೂ ಬೇರಿಂಗೂ ಹೊಸತೇ ತಂದರು. ಸ್ಟೀರಿಂಗ್ ವಿಷಯದಲ್ಲಿ ಹಳೇ ಸಾಮಾನು ಬೇಡ ಎಂದು ಇಬ್ಬರೂ ಒಂದೇ ಬಾಯಲ್ಲಿ ಹೇಳಿದರು.

ನನಗೆ ಅವತ್ತು ಒಂದು ವಿಷಯ ಹೊಳೆಯಿತು. ಬಿದ್ದವರಿಗೆ ನಾವೆಲ್ಲ ಸರಿಯಾದ ಉತ್ತರ ಹೇಳಲು ಹೋಗುತ್ತೇವೆ. ಧೈರ್ಯ ತಗೊಳ್ಳಿ, ವಾಕಿಂಗ್ ಹೋಗಿ, ಒಳ್ಳೆಯ ಕಾಲ ಬರುತ್ತದೆ. ನಾನೂ ಹೇಳಿ ಹೇಳಿ ಸೋತಿದ್ದೆ. ಕೊನೆಗೆ ಇವರನ್ನು ಎಬ್ಬಿಸಿದ್ದು ನನ್ನ ತಪ್ಪು ಉತ್ತರ. ತಿದ್ದಬೇಕು ಎನ್ನಿಸುವಂಥ ತಪ್ಪೊಂದು ಎದುರಿಗೆ ಬಂದರೆ, ಕೆಲಸ ಬಲ್ಲವನು ಎಷ್ಟು ಹೊತ್ತು ಮಲಗಿರುತ್ತಾನೆ?

ನಿನ್ನೆ ಶುಕ್ರವಾರ. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೆ. ಸದಾನಂದಣ್ಣ ಗೇಟು ತೆರೆದು ಹಿಡಿದರು. ಬಹರೈನಿ ಅಜ್ಜ ಚಹಾದ ಲೋಟ ಹಿಡಿದು ಮೆಟ್ಟಿಲ ಮೇಲೆ ಕೂತರು. ಇವರು ಕೀಲಿಗೆ ಕೈ ಹಾಕಿ, ತಡೆದು, ನನ್ನನ್ನು ನೋಡಿದರು.

"ಟೈಮ್ ಎಷ್ಟಾತು?"

ನನ್ನ ವಾಚಿನಲ್ಲಿ ಹತ್ತು ನಲವತ್ತು.

"ಇಂಡಿಯಾದಲ್ಲಿ ಒಂದೂ ಹತ್ತು" ಎಂದೆ. "ಹೊರಡಿ."

ಎಂಜಿನ್ ಎರಡು ಸಲ ಕೆಮ್ಮಿ ಶುರುವಾಯಿತು. ನಿಂಬೆಹಣ್ಣು ಅಪ್ಪಚ್ಚಿಯಾಯಿತು. ಕಾರು ಗೇಟಿನ ತನಕ ಹೋಗಿ, ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ, ಎಲ್ಲೂ ತಾಗದೆ ನಿಂತಿತು. (ರಸ್ತೆಗೆ ಇಳಿಸಲು ಪರವಾನಗಿ ಬೇಕು. ಅದು ಬೇರೆಯೇ ಪುರಾಣ.) ಇವರು ಇಳಿಯದೆ ಅಲ್ಲೇ ಕೂತು ಸ್ಟೀರಿಂಗನ್ನು ಸುಮ್ಮನೆ ಆಚೀಚೆ ತಿರುಗಿಸುತ್ತಿದ್ದರು. ನನಗೆ ಕಣ್ಣು ತುಂಬಿ ಬಂತು.

ನಾಳೆ ಭಾನುವಾರ ಸಂಜೆ ನಾಲ್ಕೂವರೆಗೆ ಇವರಿಗೆ ಒಂದು ಇಂಟರ್ವ್ಯೂ ಇದೆ. ಶರ್ಟನ್ನು ತಾವೇ ಇಸ್ತ್ರಿ ಮಾಡಿಕೊಂಡು, ನಾನು ಇಸ್ತ್ರಿ ಮಾಡುವ ರೀತಿಯನ್ನೂ ಬೈದಿದ್ದಾರೆ.

ಭಾನುವಾರದ ರಾಹುಕಾಲ ಎಷ್ಟು ಹೊತ್ತಿಗೆ ಎಂದು ನಿಮಗೆ ಗೊತ್ತಿದ್ದರೆ, ದಯವಿಟ್ಟು ನನಗೆ ಹೇಳಬೇಡಿ.